ತಿನ್ನುವ ಹೊದಿಕೆ ಕತ್ತಿಯ ಬಾಯಲ್ಲಿ ಶುರುವಾಗಬೇಕು

ಮಾನ್ಯ ಸಂಪಾದಕರೇ,

ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತವರಿಗೆ ಸಿಗಡಿ ಸುಲಿಯುವ ಹೆಂಗಸರ ಸಾಲು ಕಾಣದೆ ಇರದು. ಒಂದು ಮಗ್ಗುಲಲ್ಲಿ ತಲೆ ಮತ್ತು ಸಿಪ್ಪೆಯ ರಾಶಿ, ಇನ್ನೊಂದು ಮಗ್ಗುಲಲ್ಲಿ ಸುಲಿದ ತಿರುಳಿನ ಬೋಗುಣಿ. ಬೋಗುಣಿ ತುಂಬುವ ಹೊತ್ತಿಗೆ ರಾಶಿ ಮೊಣಕಾಲೆತ್ತರ ಬಂದಿರುತ್ತದೆ, ಏಕೆಂದರೆ ಸಿಗಡಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ತಲೆ ಮತ್ತು ಸಿಪ್ಪೆಯಲ್ಲೇ ಹೋಗುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ದೊಡ್ಡ ಮೀನು ಹೆರೆಯುವವರ ಕಾಲ ಬುಡದಲ್ಲಿ ಹುರುಪೆಗಳು ಬಿಸಿಲಿಗೆ ಮಿಂಚುತ್ತ ಬಿದ್ದಿರುತ್ತವೆ. ಸಿಗಡಿ ಕೊಂಡವರು ಅದನ್ನು ತೆಳು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ಹೊದಿಕೆಯಾಗಬಲ್ಲ ವಸ್ತು ನೆಲದ ಮೇಲೆ ಕೊಳೆಯುತ್ತಿರುವಾಗ, ಎಂದೂ ಕೊಳೆಯದ ವಸ್ತುವಿನಲ್ಲಿ ನಾವು ಆಹಾರವನ್ನು ಸುತ್ತಿ ಮನೆಗೆ ಒಯ್ಯುತ್ತಿದ್ದೇವೆ. ನಾಲ್ಕು ದಶಕ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದ ನನಗೆ ಈ ನೋಟ ಪ್ರತಿ ಸಲವೂ ಸಂಕಟ ಕೊಡುತ್ತದೆ.

ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಮೇಲಿನ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂದದ್ದು 2022ರ ಜುಲೈ 1ರಿಂದ. ನಿಷೇಧದ ಬಗ್ಗೆ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಕಡೆ ಸಾಕಷ್ಟು ಚರ್ಚೆಯಾಗಿದೆ. ಅದರ ಬದಲಿಗೆ ಏನು ಎಂಬ ಪ್ರಶ್ನೆಗೆ ಘಟ್ಟದ ಮೇಲಿನವರು ಅಡಿಕೆ ಹಾಳೆಯ ತಟ್ಟೆಯ ಮೂಲಕ ಒಂದು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಕರಾವಳಿಯವರಾದ ನಾವು ಕೊಡಬಹುದಾದ ಉತ್ತರವೊಂದು ನಮ್ಮ ಬಂದರುಗಳಲ್ಲೇ ಬಿದ್ದಿದೆ ಎಂಬ ನಂಬಿಕೆಯಿಂದ, ಮೀನು ಮತ್ತು ಸಿಗಡಿಯ ಉಳಿಕೆಗಳಿಂದ ತಿನ್ನಬಹುದಾದ ಹೊದಿಕೆ ತಯಾರಿಸುವ ವಿಷಯವಾಗಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊದಿಕೆ ತಿನ್ನುವಂಥದ್ದಾಗಬೇಕಾದರೆ ಹುರುಪೆ, ಚರ್ಮ, ಸಿಪ್ಪೆಗಳನ್ನು ಕತ್ತಿಯಿಂದ ಬಿದ್ದ ಗಳಿಗೆಯಿಂದಲೇ ಆಹಾರವೆಂದು ಕಾಣಬೇಕು. ಕಸದ ರಾಶಿಯಿಂದ ಎತ್ತಿ ತಂದದ್ದನ್ನು ಆಮೇಲೆ ಎಷ್ಟು ತೊಳೆದರೂ ಅದು ಊಟಕ್ಕೆ ಯೋಗ್ಯವಾಗುವುದಿಲ್ಲ.

ಪ್ರಾಣಿಮೂಲದ ಹೊದಿಕೆಯನ್ನು ತಿನ್ನುವುದೆಂದರೆ ಹಲವರು ಮುಖ ಸಿಂಡರಿಸುತ್ತಾರೆ. ಆದರೆ ಜ್ವರ, ಕೆಮ್ಮು ಬಂದಾಗ ನಾವು ನುಂಗುವ ಕ್ಯಾಪ್ಸೂಲಿನ ಹೊರಕೋಶ ಬಹುಮಟ್ಟಿಗೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲೆಟಿನ್‌ನದ್ದೇ ಆಗಿರುತ್ತದೆ. ಕಹಿ ಔಷಧಿಯನ್ನು ನಾಲಿಗೆಗೆ ತಾಗದಂತೆ ಹೊಟ್ಟೆಗೆ ತಲುಪಿಸಿ ತಾನೂ ಕರಗಿಹೋಗುವ ಆ ಕೋಶಕ್ಕಿಂತ ಹಳೆಯ ಮತ್ತು ಯಶಸ್ವಿಯಾದ ತಿನ್ನುವ ಹೊದಿಕೆ ನನಗೆ ತಿಳಿದಿಲ್ಲ. ಫ್ರಾನ್ಸಿನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1834ರಲ್ಲಿ. ಯುರೋಪಿನವರು ತಿನ್ನುವ, ಕೊಚ್ಚಿದ ಮಾಂಸ ತುಂಬಿದ ಸಾಸೇಜಿನ ಹೊರಪದರವನ್ನು ದನದ ತೊಗಲಿನ ಪ್ರೋಟೀನಾದ ಕೊಲಾಜೆನ್‌ನಿಂದ ಮಾಡುವ ಪದ್ಧತಿಯೂ ಹಲವು ದಶಕಗಳಷ್ಟು ಹಳೆಯದು.

ಜಿಲೆಟಿನ್ ಎಂಬ ಹೆಸರು ಪರಕೀಯವಾದರೂ ವಸ್ತು ನಮ್ಮ ಅಡುಗೆಮನೆಗೆ ಹೊಸತಲ್ಲ. ಮೀನಿನ ತಲೆ ಹಾಕಿ ಮಾಡಿದ ಸಾರನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದರೆ ಅದು ಹೆಪ್ಪುಗಟ್ಟಿ, ಪಾತ್ರೆ ಅಲುಗಿಸಿದಾಗ ನಡುಗುತ್ತದೆ. ಒಲೆಯ ಮೇಲಿಟ್ಟ ಕೂಡಲೇ ಮತ್ತೆ ಸಾರಾಗುತ್ತದೆ. ಚರ್ಮ, ಮೂಳೆ, ಹುರುಪೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಬಿಸಿನೀರಿನಲ್ಲಿ ಸಡಿಲಗೊಂಡು ಜಿಲೆಟಿನ್ ಆಗುತ್ತದೆ, ತಣಿದಾಗ ಅದರ ಎಳೆಗಳು ಮತ್ತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ನೀರನ್ನು ಆರಿಸಿದರೆ ಉಳಿಯುವುದೇ ತೆಳ್ಳಗಿನ ಹಾಳೆ.

ಓದಿ ತಿಳಿದಿದ್ದನ್ನು ಕೈಯಾರೆ ನೋಡಬೇಕೆಂಬ ಹಂಬಲದಿಂದ ಕಳೆದ ಫೆಬ್ರವರಿಯಲ್ಲಿ ನಾನೂ ನನ್ನ ಮಗಳೂ ಮನೆಯಲ್ಲೇ ಒಂದು ಪ್ರಯತ್ನ ಮಾಡಿದೆವು. ನಮ್ಮ ಮನೆಗಳಲ್ಲಿ ಬಂಗಡೆ, ತಾರ್ಲೆಗಳ ಚರ್ಮವನ್ನು ಯಾರೂ ಬಿಸಾಡುವುದಿಲ್ಲ, ಆದ್ದರಿಂದ ಮುಳ್ಳಿಲ್ಲದ ತುಂಡು ಮಾಡುವ ಹೋಟೆಲೊಂದರ ಅಡುಗೆಯವರಿಗೆ ಹೇಳಿ, ಆಗಷ್ಟೇ ಸುಲಿದ ಚರ್ಮವನ್ನು ಮಂಜುಗಡ್ಡೆಯ ಮೇಲೆ ಇರಿಸಿಕೊಂಡು ತಂದೆವು. ತಣ್ಣೀರಿನಲ್ಲಿ ಐದಾರು ಸಲ ತೊಳೆದು, ಸ್ವಲ್ಪ ವಿನೆಗರ್ ಬೆರೆಸಿದ ನೀರಿನಲ್ಲಿ ಉಬ್ಬುವ ತನಕ ನೆನೆಹಾಕಿ, ಮತ್ತೆ ತೊಳೆದು, ಐವತ್ತು ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲಿ ಕುದಿಸದೆ ಕೆಲವು ತಾಸು ಇಟ್ಟೆವು. ಹಳೆಯ ಪಂಚೆಯಲ್ಲಿ ಸೋಸಿದ ತಿಳಿಗೆ ನಾಲ್ಕಾರು ಹನಿ ಗ್ಲಿಸರಿನ್ ಸೇರಿಸಿ ಸ್ಟೀಲಿನ ಹರಿವಾಣದಲ್ಲಿ ತೆಳ್ಳಗೆ ಹುಯ್ದು ಫ್ಯಾನಿನ ಕೆಳಗೆ ಬಿಟ್ಟೆವು. ಎರಡನೆಯ ದಿನ ಸಂಜೆ ಅಂಚು ತಾನಾಗಿ ಮೇಲೆದ್ದಿತು. ಉಗುರು ತಾಗಿಸಿ ಎಳೆದಾಗ ಗಾಳಿಪಟದ ಕಾಗದದಷ್ಟು ತೆಳುವಾದ, ಆಚೆಯ ಬೆರಳು ಕಾಣುವಷ್ಟು ತಿಳಿಯಾದ ಹಾಳೆ ಇಡಿಯಾಗಿ ಬಿಟ್ಟುಕೊಂಡಿತು. ಗ್ಲಿಸರಿನ್ ಹಾಕದೆ ಮಾಡಿದ ಇನ್ನೊಂದು ಹಾಳೆ ಹಪ್ಪಳದಂತೆ ಮುರಿಯಿತು. ಮೊದಲಿನದರಲ್ಲಿ ಹುರಿದ ಗೋಡಂಬಿ ಸುತ್ತಿ ವಾರವಿಟ್ಟರೂ ಎಣ್ಣೆ ಹೊರಗೆ ಜಿನುಗಲಿಲ್ಲ.

ಸೋಲನ್ನೂ ಹೇಳಬೇಕು. ಹಾಳೆಗೆ ಮೀನಿನ ವಾಸನೆ ಸಣ್ಣಗೆ ಉಳಿದಿತ್ತು. ಅದಕ್ಕಿಂತ ದೊಡ್ಡ ಸೋಲು ಜೂನ್‌ನಲ್ಲಿ ಬಂತು. ಮಳೆ ಹಿಡಿದು ಹದಿನೈದು ದಿನವಾಗಿರಲಿಲ್ಲ, ಡಬ್ಬಿಯಲ್ಲಿಟ್ಟಿದ್ದ ಹಾಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಶಿರಸಿ ಕಡೆಯ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಮಡಕೆಯ ಬೆನ್ನ ಮೇಲೆ ಎರೆದು ತೆಗೆದ ತೊಡೆದೇವು ಎಂಬ ತೆಳು ಸಿಹಿತಿಂಡಿಯನ್ನು ಮಳೆಗಾಲದಲ್ಲಿ ಡಬ್ಬಿಯಿಂದ ಹೊರಗಿಟ್ಟರೆ ಏನಾಗುತ್ತದೆಂದು ಅವರು ಬಲ್ಲರು. ಜಿಲೆಟಿನ್ ಹಾಳೆ ಎಣ್ಣೆಯನ್ನೂ ಆಮ್ಲಜನಕವನ್ನೂ ಚೆನ್ನಾಗಿ ತಡೆಯುತ್ತದೆ, ನೀರಾವಿಯನ್ನು ತಡೆಯಲಾರದು. ಆದುದರಿಂದ ಹಸಿ ಮೀನನ್ನೋ ಮಜ್ಜಿಗೆಯನ್ನೋ ಇದರಲ್ಲಿ ಕಟ್ಟಿಕೊಡಬಹುದೆಂದು ಯಾರಾದರೂ ಹೇಳಿದರೆ ನಂಬಬಾರದು. ಮಸಾಲೆಪುಡಿ, ಗೋಡಂಬಿ, ಒಣಸಿಗಡಿ, ಬಿಸಿನೀರಿಗೆ ಹೊದಿಕೆಯ ಸಮೇತ ಹಾಕಿ ಕರಗಿಸಿಬಿಡಬಹುದಾದ ಸೂಪಿನ ಪುಡಿ, ಇಂಥ ಒಣ ಮತ್ತು ಎಣ್ಣೆಯಂಶದ ಪದಾರ್ಥಗಳಿಗೆ ಇದು ಹೊಂದುತ್ತದೆ. ಹತ್ತು ಕೈ ಮುಟ್ಟಿದ ಹೊದಿಕೆಯನ್ನು ಬಾಯಿಗಿಡಲು ಯಾರೂ ಒಪ್ಪುವುದಿಲ್ಲವಾದ್ದರಿಂದ ಹೊರಗೆ ಒಂದು ಕಾಗದದ ಪೆಟ್ಟಿಗೆ ಬೇಕೇ ಬೇಕು. ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಪೊಟ್ಟಣ, ಕಾಗದಕ್ಕೆ ಬಳಿದ ಪ್ಲಾಸ್ಟಿಕ್ ಪದರ, ಇವುಗಳ ಜಾಗವನ್ನು ಈ ಹಾಳೆ ತುಂಬಿದರೂ ಅದು ಸಣ್ಣ ಲಾಭವಲ್ಲ.

ನಮ್ಮ ಕಡಲಿಗೆ ಇಲ್ಲೊಂದು ಅನುಕೂಲವಿದೆ. ಕಾಡ್‌ನಂಥ ಶೀತಲ ಸಮುದ್ರದ ಮೀನಿನ ಜಿಲೆಟಿನ್ ನಮ್ಮ ಕೋಣೆಯ ಉಷ್ಣತೆಯಲ್ಲಿ ಹೆಪ್ಪುಗಟ್ಟುವುದೇ ಇಲ್ಲ. ಬೆಚ್ಚಗಿನ ನೀರಿನ ಮೀನುಗಳ ಕೊಲಾಜೆನ್‌ನಲ್ಲಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲಗಳು ಹೆಚ್ಚಿರುವುದರಿಂದ ಅದರ ಜಿಲೆಟಿನ್ ಹೆಚ್ಚು ಗಟ್ಟಿ, ಕರಗುವ ಉಷ್ಣತೆಯೂ ಹೆಚ್ಚು. ಜಗತ್ತಿನ ಜಿಲೆಟಿನ್‌ನ ಬಹುಪಾಲು ಹಂದಿಯ ಚರ್ಮ, ದನದ ತೊಗಲು ಮತ್ತು ಮೂಳೆಗಳಿಂದ ಬರುತ್ತದೆ. ಮೀನಿನದು ತೀರ ಸಣ್ಣ ಪಾಲು. 1986ರಲ್ಲಿ ಬ್ರಿಟನ್ನಿನಲ್ಲಿ ದನಗಳ ಹುಚ್ಚುರೋಗ ಪತ್ತೆಯಾದ ನಂತರ ಮೀನಿನ ಜಿಲೆಟಿನ್ ಕಡೆಗೆ ವಿಜ್ಞಾನಿಗಳ ಗಮನ ಹೆಚ್ಚಿತು. ಹಂದಿಯದು ಬೇಡವೆನ್ನುವ ಭಟ್ಕಳದ ಮನೆಗೂ, ದನದ್ದು ಬೇಡವೆನ್ನುವ ಕುಮಟೆಯ ಮನೆಗೂ, ಮೀನು ತಿನ್ನುವವರಾದರೆ, ಇದರಿಂದ ಅಡ್ಡಿಯಿರಲಾರದು.

ಹಾಳೆಯನ್ನು ಗಟ್ಟಿಗೊಳಿಸುವ ದಾರಿಯೂ ಅದೇ ಬಂದರಿನಲ್ಲಿದೆ. ನಾವು ಶೆಟ್ಲಿ ಎಂದು ಕರೆಯುವ ಸಿಗಡಿಯ ಸಿಪ್ಪೆಯಲ್ಲಿ ಪ್ರೋಟೀನು, ಸುಣ್ಣದ ಅಂಶ ಮತ್ತು ಕೈಟಿನ್ ಎಂಬ ನಾರಿನಂಥ ವಸ್ತು ಇವೆ. ದುರ್ಬಲ ಕ್ಷಾರದಿಂದ ಪ್ರೋಟೀನನ್ನೂ ದುರ್ಬಲ ಆಮ್ಲದಿಂದ ಸುಣ್ಣವನ್ನೂ ತೆಗೆದರೆ ಕೈಟಿನ್ ಉಳಿಯುತ್ತದೆ. ಅದನ್ನು ಪ್ರಬಲ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಿದರೆ ಕೈಟೋಸಾನ್ ಆಗುತ್ತದೆ. ಕೈಟಿನ್ ನೀರಿನಲ್ಲಾಗಲಿ ವಿನೆಗರ್‌ನಲ್ಲಾಗಲಿ ಕರಗದು, ಕೈಟೋಸಾನ್ ವಿನೆಗರ್‌ನಂಥ ದುರ್ಬಲ ಆಮ್ಲದಲ್ಲಿ ಕರಗುತ್ತದೆ, ಆದ್ದರಿಂದ ಅದನ್ನು ಹಾಳೆಯಾಗಿ ಎರೆಯಲೂ ಹಣ್ಣಿನ ಮೇಲೆ ಲೇಪಿಸಲೂ ಬರುತ್ತದೆ. ಬೂಷ್ಟು ಮತ್ತು ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಅದು ತಡೆಯುತ್ತದೆ. ಜಿಲೆಟಿನ್ ಜೊತೆ ಸೇರಿಸಿದರೆ ಹಾಳೆಗೆ ಗಟ್ಟಿತನ ಬರುತ್ತದೆ, ಮೇಲೆ ಜೇನುಮೇಣದ ತೆಳು ಪದರ ಕೊಟ್ಟರೆ ತೇವದ ಕಾಟ ಕಡಿಮೆಯಾಗುತ್ತದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಗಡಿ ಸಿಪ್ಪೆಯಿಂದ ಕೈಟಿನ್, ಕೈಟೋಸಾನ್ ತಯಾರಿಸುವ ವಿಧಾನವನ್ನು ಬಹಳ ಹಿಂದೆಯೇ ರೂಪಿಸಿದೆ. ತಂತ್ರಜ್ಞಾನಕ್ಕಾಗಿ ಸಮುದ್ರ ದಾಟಬೇಕಾದ ಪರಿಸ್ಥಿತಿ ನಮಗಿಲ್ಲ.

ಇಷ್ಟು ಹೇಳಿದ ಮೇಲೆ ರಸಾಯನಶಾಸ್ತ್ರದ ಮೇಷ್ಟರಾಗಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ತಪ್ಪಾದೀತು. ಕೈಟೋಸಾನ್ ತಯಾರಿಕೆಯಲ್ಲಿ ಆಮ್ಲವೂ ಕ್ಷಾರವೂ ತೊಳೆದ ನೀರೂ ಹೇರಳವಾಗಿ ಹೊರಬರುತ್ತವೆ. ಪ್ಲಾಸ್ಟಿಕ್ ತಪ್ಪಿಸುವ ಹೆಸರಿನಲ್ಲಿ ಆ ನೀರನ್ನು ಕಾಳಿ ನದಿಯ ಮುಖಕ್ಕೋ ಅಘನಾಶಿನಿಯ ಬಳಚಿನ (ಚಿಪ್ಪುಮೀನಿನ) ಹಾಸಿಗೆಗೋ ಬಿಡುವುದಾದರೆ ನಮಗೆ ಆ ಹೊದಿಕೆಯೇ ಬೇಡ. ನೀರಿನ ಶುದ್ಧೀಕರಣವಿಲ್ಲದ ಘಟಕಕ್ಕೆ ಪರವಾನಗಿ ಕೊಡಬಾರದು.

ಈಗ ಕತ್ತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬಂದರು ಮತ್ತು ಮಾರುಕಟ್ಟೆಗಳಲ್ಲಿ ಹುರುಪೆ, ಕಿವಿರು, ಕರುಳು, ಸಿಪ್ಪೆ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ಕರುಳಿನ ಕಿಣ್ವಗಳೂ ಬ್ಯಾಕ್ಟೀರಿಯಾಗಳೂ ಪಕ್ಕದ ಚರ್ಮವನ್ನೂ ಸಿಪ್ಪೆಯನ್ನೂ ಕೆಡಿಸಲು ಈ ಸೆಕೆಯಲ್ಲಿ ಹೆಚ್ಚು ಹೊತ್ತು ಬೇಕಾಗಿಲ್ಲ. ಸಿಗಡಿಯ ತಲೆಯಲ್ಲೇ ಅದರ ಜೀರ್ಣಾಂಗವೂ ಇರುವುದರಿಂದ ತಲೆ ಮತ್ತು ಮೈಸಿಪ್ಪೆಯನ್ನು ಒಟ್ಟಿಗೆ ಬಿಟ್ಟರೆ ಮಧ್ಯಾಹ್ನದೊಳಗೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಹಾಗೆ ಕೆಟ್ಟದ್ದನ್ನು ಮೀನುಹಿಟ್ಟಿನ ಕಾರ್ಖಾನೆಗೋ ತೆಂಗಿನ ಬುಡಕ್ಕೋ ಹಾಕಬಹುದು, ಮನುಷ್ಯರ ಬಾಯಿಗೆ ಹೋಗುವ ಹಾಳೆಗೆ ಹಾಕಲಾಗದು. ನಾನು ತಂದ ಚರ್ಮ ಮಂಜುಗಡ್ಡೆಯ ಮೇಲಿದ್ದರಿಂದಲೇ ನಮ್ಮ ಹಾಳೆಯ ವಾಸನೆ ಸಹಿಸುವಷ್ಟಾದರೂ ಇತ್ತು. ಒಮ್ಮೆ ಪರೀಕ್ಷೆಗೆಂದು ಮಾರುಕಟ್ಟೆಯ ಬುಟ್ಟಿಯಿಂದಲೇ ಆರಿಸಿ ತಂದ ಚರ್ಮದಿಂದ ಬಂದ ತಿಳಿಯನ್ನು ನನ್ನ ಮಗಳು ಒಲೆಯಿಂದ ಇಳಿಸುವ ಮೊದಲೇ ಹಿತ್ತಿಲಿಗೆ ಚೆಲ್ಲಿದಳು.

ಆದ್ದರಿಂದ ಸಿಪ್ಪೆಗೊಂದು, ಹುರುಪೆ ಮತ್ತು ಚರ್ಮಕ್ಕೊಂದು, ಕರುಳು ಕಿವಿರುಗಳಿಗೊಂದು ಹೀಗೆ ಬೇರೆ ಬೇರೆ ಬಣ್ಣದ ಕ್ರೇಟು ಇರಬೇಕು. ಮೊದಲೆರಡರ ಮೇಲೆ ಮಂಜುಗಡ್ಡೆ ಬೀಳಬೇಕು. ಬಂದರಿನ ಒಳನೀರಿನಲ್ಲಿ ಡೀಸೆಲ್ಲೂ ಕೊಳೆಯೂ ಸೇರಿರುವುದರಿಂದ ತೊಳೆಯಲು ಸಿಹಿನೀರಿನ ನಲ್ಲಿ ಬೇಕು. ಹುರುಪೆ ಮತ್ತು ಸಿಪ್ಪೆಯನ್ನು ಒಣಗಿಸಬಹುದಾದ್ದರಿಂದ, ಅಕ್ಟೋಬರ್‌ನಿಂದ ಮೇ ತನಕ ಒಣಗಿಸಿ ಇಟ್ಟುಕೊಂಡರೆ ಜೂನ್, ಜುಲೈ ತಿಂಗಳ 61 ದಿನ ಯಾಂತ್ರಿಕ ಮೀನುಗಾರಿಕೆ ನಿಂತಾಗಲೂ ಘಟಕಕ್ಕೆ ಕೆಲಸವಿರುತ್ತದೆ, ಸಿಗಡಿ ಸುಲಿಯುವ ಕೈಗಳಿಗೆ ಆ ಎರಡು ತಿಂಗಳು ಸಂಬಳ ಸಿಗುತ್ತದೆ. ಒಣಗಿಸುವುದು ಮಾತ್ರ ಮರಳಿನ ಮೇಲಾಗದೆ, ನಾಯಿ ಕಾಗೆಗಳು ಮುಟ್ಟದ ಹಾಗೆ ಬಲೆ ಹೊದಿಸಿದ ಎತ್ತರದ ಅಟ್ಟಣಿಗೆಯ ಮೇಲಾಗಬೇಕು. ಇದೆಲ್ಲ ಹೆಚ್ಚಿನ ದುಡಿಮೆ. ಬೇರ್ಪಡಿಸುವ ದುಡಿಮೆಗೆ ತೂಕದ ಲೆಕ್ಕದಲ್ಲಿ ಹಣ ಕೊಡದೆ, ಹೇಗೂ ಬಿಸಾಡುವುದಲ್ಲವೇ ಎಂದು ಪುಕ್ಕಟೆ ಕೇಳುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ. ಉಳಿಕೆಗೆ ಬೆಲೆ ಬಂತೆಂದು ಮರಿಮೀನುಗಳನ್ನೇ ಹಿಡಿದು ಜಿಲೆಟಿನ್ ಮಾಡಲು ಹೊರಡುವುದಂತೂ ಸಲ್ಲದು. ತಿನ್ನಲೆಂದು ಹಿಡಿದ ಮೀನಿನ ಉಳಿಕೆಗೆ ಮಾತ್ರ ಈ ಕೆಲಸ ಸೀಮಿತವಾಗಿರಬೇಕು.

ಎರಡನೆಯ ಮಾತು ಪ್ರಾಮಾಣಿಕತೆಯದು. ಕೆಲವು ವರ್ಷಗಳ ಹಿಂದೆ ಶಿರಸಿಯಿಂದ ನಮ್ಮ ಮನೆಗೆ ಬಂದಿದ್ದ ವಯಸ್ಸಾದ ಸ್ನೇಹಿತರೊಬ್ಬರಿಗೆ ನಾನು ಪೇಟೆಯ ಅಂಗಡಿಯಿಂದ ತಂದ ಬಣ್ಣಬಣ್ಣದ ಜೆಲ್ಲಿ ಮಿಠಾಯಿ ಕೊಟ್ಟೆ. ಬಿಡಿಯಾಗಿ ತೂಗಿ ಕೊಟ್ಟದ್ದರಿಂದ ಅದರ ಮೇಲೆ ಯಾವ ಗುರುತೂ ಇರಲಿಲ್ಲ, ಕೇಳಿದಾಗ ಅಂಗಡಿಯವರು ಸಕ್ಕರೆಯದ್ದೆಂದಷ್ಟೇ ಹೇಳಿದ್ದರು. ಎರಡು ತುಂಡು ತಿಂದ ಮೇಲೆ ಅವರು ನನ್ನನ್ನೇ ಕೇಳಿದರು, "ಇದು ಯಾವುದರಲ್ಲಿ ಗಟ್ಟಿಯಾಗುತ್ತದೆ ಮಾಸ್ತರೇ?" ಜಿಲೆಟಿನ್ ಎಂಬ ಉತ್ತರ ಗೊತ್ತಿದ್ದ ನಾನು ಮಿಠಾಯಿ ಕೊಡುವ ಮೊದಲು ಯೋಚಿಸಿರಲಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಆ ಹಿರಿಯರು ನನಗೆ ಒಂದು ಮಾತೂ ಅನ್ನಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ ಬಾಯಿ ತೊಳೆದು ಬಂದರು, ಆ ದಿನ ರಾತ್ರಿ ಊಟ ಮಾಡಲಿಲ್ಲ. ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಮಾಂಸಾಹಾರದ ಗುರುತು ಹೊದಿಕೆಯ ಒಳಗಿನ ಪದಾರ್ಥಕ್ಕಷ್ಟೇ ಸಂಬಂಧಿಸಿದ್ದು ಎಂಬ ವಾದ ನಾಳೆ ಬರಬಹುದು. ಬಾಯಿಗೆ ಹೋಗುವ ಹೊದಿಕೆ ಪದಾರ್ಥವೇ ಹೌದು. 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಮೀನು ಸೇರಿದಂತೆ ಪ್ರಾಣಿಮೂಲದ ವಸ್ತುವಿರುವ ಆಹಾರಕ್ಕೆ ಕಂದು ತ್ರಿಕೋನದ ಗುರುತು ಹಾಕಬೇಕು. ಹಾಲು, ಜೇನು, ಜೇನುಮೇಣ, ಅರಗಿನಿಂದ ಬರುವ ಶೆಲ್ಯಾಕ್ ಇವುಗಳಿಗೆ ಅದರಿಂದ ವಿನಾಯಿತಿ ಇದೆ. ಸಿಹಿತಿಂಡಿಗೆ ಹಚ್ಚುವ ಬೆಳ್ಳಿಯ ವರ್ಖವನ್ನು ತೊಗಲಿನ ಪದರಗಳ ನಡುವೆ ಬಡಿದು ಮಾಡುತ್ತಿದ್ದ ಪದ್ಧತಿಯ ಬಗ್ಗೆ ಜನ ಪ್ರಶ್ನೆ ಎತ್ತಿದ ಮೇಲೆ, ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ನಿಯಮ ತಂದಿತು. ಜನರ ಈ ಸೂಕ್ಷ್ಮವನ್ನು ಗೌರವಿಸಿದರೆ ಮಾತ್ರ ಹೊಸ ಹೊದಿಕೆ ಉಳಿದೀತು. ಹಸಿರು ಚುಕ್ಕೆಯ ಗೋಡಂಬಿಯನ್ನು ಮೀನಿನ ಜಿಲೆಟಿನ್‌ನಲ್ಲಿ ಸುತ್ತಿದರೆ ಆ ಗೋಡಂಬಿ ಹಸಿರು ಚುಕ್ಕೆ ಕಳೆದುಕೊಳ್ಳಬೇಕು.

ಸಸ್ಯಾಹಾರಿಗಳಿಗೆಂದು ಹಾಲಿನ ದಾರಿಯೊಂದು ಬೇರೆಯಿದೆ. ಪನೀರು ಮಾಡುವಾಗ ಸೋರಿಹೋಗುವ ತಿಳಿನೀರಿನ ಪ್ರೋಟೀನಿನಿಂದಲೂ, ಹಾಲಿನ ಇನ್ನೊಂದು ಪ್ರೋಟೀನಾದ ಕೇಸಿನ್‌ನಿಂದಲೂ ಹಾಳೆ ಎರೆಯಬಹುದು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2016ರಲ್ಲಿ ಕೇಸಿನ್‌ಗೆ ಲಿಂಬೆ ಜಾತಿಯ ಹಣ್ಣಿನಿಂದ ಬರುವ ಪೆಕ್ಟಿನ್ ಎಂಬ ಅಂಟುವಸ್ತುವನ್ನು ಸೇರಿಸಿ ಮಾಡಿದ ಹಾಳೆಯನ್ನು ತೋರಿಸಿ, ಆಮ್ಲಜನಕವನ್ನು ತಡೆಯುವುದರಲ್ಲಿ ಅದು ಪ್ಲಾಸ್ಟಿಕ್‌ಗಿಂತ 500 ಪಟ್ಟಿನ ತನಕ ಮೇಲು ಎಂದಿದ್ದರು. ಹೈನು ಹೆಚ್ಚಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರು ಇದರ ಬಗ್ಗೆ ಯೋಚಿಸಬೇಕೆಂದು ಕೋರುತ್ತೇನೆ.

ಒಗ್ಗದಿಕೆಯ, ಅಂದರೆ ಅಲರ್ಜಿಯ, ವಿಷಯ ಜೀವಕ್ಕೆ ಸಂಬಂಧಿಸಿದ್ದು. ನನ್ನ ಶಿಷ್ಯೆಯೊಬ್ಬಳಿಗೆ ಶೆಟ್ಲಿ ಹಾಕಿದ ಸಾರಿನ ಸೌಟು ತಾಗಿದ ಅನ್ನ ತಿಂದರೂ ತುಟಿ ಬಾತುಕೊಳ್ಳುತ್ತಿತ್ತು. ಸಿಗಡಿ, ಏಡಿಯಂಥ ಚಿಪ್ಪುಜೀವಿಗಳು, ಮೀನು, ಹಾಲು, ಮೊಟ್ಟೆ ಇವು ಇದ್ದರೆ ಲೇಬಲ್‌ನಲ್ಲಿ ಹೇಳಲೇಬೇಕೆಂದು ಅದೇ ನಿಯಮಗಳು ವಿಧಿಸುತ್ತವೆ. ಚೆನ್ನಾಗಿ ಶುದ್ಧೀಕರಿಸಿದ ಕೈಟೋಸಾನ್‌ನಲ್ಲಿ ಪ್ರೋಟೀನು ಬಹಳ ಕಡಿಮೆ ಇರುತ್ತದೆಂಬ ಕಾರಣಕ್ಕೆ ಈ ಸೂಚನೆಯನ್ನು ಬಿಡಬಾರದು. ಅದು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು.

ಕಾರವಾರದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಆಹಾರದ ಹೊದಿಕೆಯನ್ನು ಪರೀಕ್ಷಿಸಬಲ್ಲ ಸಂಸ್ಥೆ ಮೈಸೂರಿನಲ್ಲಿದೆ, 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯೂ ಇದೆ. ಇವರೆಲ್ಲರನ್ನು ಜಿಲ್ಲಾಡಳಿತ ಮತ್ತು ಮೀನುಗಾರಿಕೆ ಇಲಾಖೆ ಒಂದೆಡೆ ಕೂಡಿಸಿ, ಮಹಿಳಾ ಮೀನುಗಾರರ ಸಹಕಾರಿ ಸಂಘವೊಂದರ ಕೈಯಲ್ಲಿ ಸಣ್ಣ ಪ್ರಾಯೋಗಿಕ ಘಟಕ ಆರಂಭಿಸಬೇಕೆಂದು ವಿನಂತಿಸುತ್ತೇನೆ. ಯಂತ್ರಗಳ ಖರೀದಿಗೆ ಮೊದಲು, ಮುಂದಿನ ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿಯುವುದರೊಳಗೆ, ಮೀನು ಕೊಯ್ಯುವ ಮಾಡಿನ ಕೆಳಗೆ ಒಂದು ಸಿಹಿನೀರಿನ ನಲ್ಲಿ, ಮೂರು ಬಣ್ಣದ ಕ್ರೇಟು, ಒಂದು ಮಂಜುಗಡ್ಡೆಯ ಪೆಟ್ಟಿಗೆ, ಸಿಗಡಿ ಸುಲಿಯುವವರಿಗೆ ಕೂರಲು ಎತ್ತರದ ಕಟ್ಟೆ, ಇಷ್ಟನ್ನು ಒದಗಿಸಲಿ. ಚರ್ಮದಿಂದ ಹಾಳೆ ತೆಗೆಯುವ ಬಗೆಯನ್ನು ಕಲಿಯಲು ಬಯಸುವ ಹೆಂಗಸರಿಗೆ ನನಗೆ ತಿಳಿದಷ್ಟನ್ನು ಯಾವ ದಿನ ಬೇಕಾದರೂ ಬಂದು ತೋರಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಕಾರವಾರ